ಮಾಸ್ಕೋದಲ್ಲಿ ಬಿಸಿಲು, ಪೇಶಾವರದಲ್ಲಿ ಪ್ರಳಯ: 2010ರ ಜುಲೈ ಕೊನೇ ವಾರದಲ್ಲಿ ಏನಾಯ್ತು?

2010ರ ಜುಲೈ 29. ಮಾಸ್ಕೋದಲ್ಲಿ 38.2 ಡಿಗ್ರಿ, ಆ ಊರಲ್ಲಿ ಅಳತೆ ಶುರುವಾದಾಗಿಂದ ಅಷ್ಟು ಬಿಸಿ ಯಾವತ್ತೂ ದಾಖಲಾಗಿರ್ಲಿಲ್ಲ. ಅದೇ ಹೊತ್ತಿಗೆ ಅಲ್ಲಿಂದ ಮೂರೂವರೆ ಸಾವಿರ ಕಿಮೀ ದೂರದ, ವಾಯುವ್ಯ ಪಾಕಿಸ್ತಾನದ ಪೇಶಾವರದಲ್ಲಿ 24 ಗಂಟೇಲಿ 274 ಮಿಮೀ ಮಳೆ. ಪೇಶಾವರ ಅಂದ್ರೆ ನಮ್ಮ ಆಗುಂಬೆ ಅಲ್ಲ, ಅಲ್ಲಿ ವರ್ಷಕ್ಕೇ ಬೀಳೋದು 400 ಮಿಮೀ ಆಸುಪಾಸು, ಅದರಲ್ಲೂ ದೊಡ್ಡ ಪಾಲು ಚಳಿಗಾಲದ ಕೊನೆ ಮತ್ತು ವಸಂತದಲ್ಲಿ ಪಶ್ಚಿಮದಿಂದ ಸಾಗಿ ಬರೋ ಮಳೆ ವ್ಯವಸ್ಥೆಗಳಿಂದ (ವೆಸ್ಟರ್ನ್ ಡಿಸ್ಟರ್ಬೆನ್ಸ್). ಅಂಥ ಕಡೆ ವರ್ಷದ ಅರ್ಧಕ್ಕಿಂತ ಜಾಸ್ತಿ ಮಳೆ ಒಂದೇ ದಿನ ಸುರೀತು.

ಆಮೇಲೆ ಪೇಪರ್, ಟಿವಿ ಎಲ್ಲಾ ಕಡೆ ಬಂದ ಹೆಡ್‌ಲೈನ್ ಹೆಚ್ಚುಕಮ್ಮಿ ಒಂದೇ: "ರಷ್ಯಾದ ಬಿಸಿಗಾಳಿಯಿಂದ ಪಾಕಿಸ್ತಾನದಲ್ಲಿ ಪ್ರವಾಹ". ಕೇಳೋಕೆ ಚೆನ್ನಾಗಿದೆ, ಪೂರ್ತಿ ಸುಳ್ಳೂ ಅಲ್ಲ, ಆದ್ರೆ ಕಥೆಯ ಅರ್ಧ ಭಾಗವನ್ನ ನುಂಗಿಹಾಕುತ್ತೆ. ಮೇಲಿನ, ಅಂದ್ರೆ ಉತ್ತರದ, ಅಕ್ಷಾಂಶದ ಹವಾಮಾನ ಉಷ್ಣವಲಯದ ಮಳೆ ಮೋಡಗಳನ್ನ ಹೇಗೆ ಎಳೆಯುತ್ತೆ, ಆ ಮೋಡಗಳು ತಿರುಗಿ ಮೇಲಿನದನ್ನ ಹೇಗೆ ತಳ್ಳುತ್ತವೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಕೇಸ್ ನಂಗೆ ಗೊತ್ತಿಲ್ಲ, ಅದಕ್ಕೇ ಇದನ್ನ ಪೂರ್ತಿ ಬಿಡಿಸಿ ಬರೀತಿದ್ದೀನಿ.

ಮೊದಲು ರಷ್ಯಾ ಕಡೆಯದು. ಭೂಮಿಯ ಮಧ್ಯ ಅಕ್ಷಾಂಶಗಳಲ್ಲಿ, ಅಂದ್ರೆ 30ರಿಂದ 60 ಡಿಗ್ರಿ ನಡುವೆ, ಮೇಲ್ಮಟ್ಟದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತೆ, ಜೆಟ್ ಸ್ಟ್ರೀಮ್ ಅನ್ನೋದು ಅದರ ಅತಿ ವೇಗದ ಭಾಗ. ಅದು ನೆಟ್ಟಗೆ ಹರಿಯಲ್ಲ, ಮೇಲೆ ಕೆಳಗೆ ಬಳುಕ್ತಾ ಹೋಗುತ್ತೆ. ಉತ್ತರಕ್ಕೆ ಉಬ್ಬಿದ ಕಡೆ ರಿಡ್ಜ್, ದಕ್ಷಿಣಕ್ಕೆ ಇಳಿದ ಕಡೆ ಟ್ರಫ್. ಈ ಅಲೆಗಳಿಗೆ ರಾಸ್‌ಬಿ ಅಲೆಗಳು ಅಂತ ಹೆಸರು. ಸಾಮಾನ್ಯವಾಗಿ ಇವು ಒಂದೆರಡು ದಿನದಲ್ಲಿ ಮುಂದೆ ಸಾಗ್ತವೆ. ಆದ್ರೆ ಒಮ್ಮೊಮ್ಮೆ ಒಂದು ರಿಡ್ಜ್ ಹೊಳೆ ಮಧ್ಯ ಬಂಡೆ ಬಿದ್ದಂಗೆ ಒಂದೇ ಕಡೆ ಕೂತುಬಿಡುತ್ತೆ, ಹರಿಯೋ ಗಾಳಿಯೆಲ್ಲಾ ಅದನ್ನ ಸುತ್ತಿಬಳಸಿ ಹೋಗ್ಬೇಕು. ಹವಾಮಾನದವರು ಇದಕ್ಕೆ ಬ್ಲಾಕಿಂಗ್ ಅಂತಾರೆ.

2010ರಲ್ಲಿ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಪಶ್ಚಿಮ ರಷ್ಯಾ ಮೇಲೆ ಅಂಥದ್ದೊಂದು ರಿಡ್ಜ್ ಕೂತಿತ್ತು. ನಡುನಡುವೆ ಸ್ವಲ್ಪ ಸಡಿಲ ಆದ್ರೂ ಮತ್ತೆ ಅಲ್ಲೇ ಬಂದು ಕೂರ್ತಿತ್ತು. ಅದರ ಕೆಳಗೆ ಗಾಳಿ ಇಳಿಯುತ್ತೆ, ಇಳಿದಾಗ ಬಿಸಿಯಾಗುತ್ತೆ, ಮೋಡ ಇಲ್ಲ, ಬಿಸಿಲು ನೆಲಕ್ಕೆ ಹೊಡೆಯುತ್ತೆ, ನೆಲದ ತೇವ ಆರಿದ ಮೇಲೆ ಸೂರ್ಯನ ಶಾಖ ನೀರನ್ನ ಆವಿ ಮಾಡೋಕೆ ಖರ್ಚಾಗದೆ ನೇರವಾಗಿ ಗಾಳಿಯನ್ನೇ ಕಾಯಿಸುತ್ತೆ. ಜುಲೈ ತಿಂಗಳ ಸರಾಸರಿ ಮಾಸ್ಕೋದಲ್ಲಿ ವಾಡಿಕೆಗಿಂತ 7-8 ಡಿಗ್ರಿ ಜಾಸ್ತಿ ಇತ್ತು, ಒಂದು ದಿನದ್ದಲ್ಲ, ಇಡೀ ತಿಂಗಳದ್ದು! ಊರಿನ ಸುತ್ತಲಿನ ಪೀಟ್ ನೆಲಕ್ಕೆ (ಅರೆಕೊಳೆತ ಗಿಡಗಳಿಂದಾದ, ಉರಿಯೋ ಮಣ್ಣು) ಬೆಂಕಿ ಬಿದ್ದು ಹೊಗೆ ಮುಸುಕ್ತು, ಗೋಧಿ ಬೆಳೆ ಹೋಯ್ತು, ಆಗಸ್ಟ್ 15ರಿಂದ ರಷ್ಯಾ ಧಾನ್ಯ ರಫ್ತನ್ನೇ ನಿಲ್ಲಿಸ್ತು.

ಈಗ ಮುಖ್ಯವಾದ ಒಂದು ವಿಷಯ. ರಾಸ್‌ಬಿ ಅಲೆ ಒಂದೇ ಕಡೆ ನಿಂತಿದೆ ಅಂದ್ರೆ ಅದರ ಶಕ್ತಿಯೂ ಅಲ್ಲೇ ನಿಂತಿದೆ ಅಂತ ಅಲ್ಲ. ರಿಡ್ಜ್ ಕೂತಲ್ಲೇ ಕೂತಿರುತ್ತೆ, ಶಕ್ತಿ ಮಾತ್ರ ಪೂರ್ವಕ್ಕೆ ಸೋರಿ ಮುಂದೆ ಹೊಸ ಟ್ರಫ್, ಅದರಾಚೆ ಹೊಸ ರಿಡ್ಜ್ ಎಬ್ಬಿಸ್ತಾ ಹೋಗುತ್ತೆ. ರಷ್ಯಾದ ರಿಡ್ಜ್‌ನ ಆಗ್ನೇಯಕ್ಕೆ ಹೀಗೆ ಎದ್ದ ಟ್ರಫ್ ಅಫ್ಘಾನಿಸ್ತಾನ, ವಾಯುವ್ಯ ಪಾಕಿಸ್ತಾನದ ಕಡೆಗೆ ಇಳೀತು. ನಾಸಾದ ವಿಲಿಯಂ ಲಾವ್ ಮತ್ತು ಕ್ಯು-ಮ್ಯೊಂಗ್ ಕಿಮ್ 2012ರಲ್ಲಿ ಬರೆದ ಪೇಪರ್‌ನ ಮುಖ್ಯ ವಾದ ಇದೇ. ಅದಕ್ಕೆ ಮೊದಲೇ 2011ರಲ್ಲಿ ತೈವಾನ್‌ನ ಹಾಂಗ್ ಮತ್ತು ಜೊತೆಯವರೂ ಯುರೋಪ್ ಕಡೆಯ ಬ್ಲಾಕಿಂಗ್ ಮತ್ತು ಮುಂಗಾರು ಎರಡೂ ಸೇರಿದ್ದರಿಂದಲೇ ಇದಾಯ್ತು ಅಂತ ತೋರಿಸಿದ್ರು.

ಸರಿ, ಟ್ರಫ್ ಇಳೀತು. ಇಳಿದ್ರೆ ಏನಾಯ್ತು? ಇಲ್ಲೇ ಹೆಡ್‌ಲೈನ್ ಓದಿದವರು ಎಡವೋದು. ಟ್ರಫ್ ಮಳೆ ತರಲ್ಲ, ಎತ್ತುತ್ತೆ ಅಷ್ಟೆ. ಟ್ರಫ್‌ನ ಪೂರ್ವದ ಮಗ್ಗುಲಲ್ಲಿ ಮೇಲಿನ ಗಾಳಿ ಹರಡಿಕೊಳ್ಳುತ್ತೆ, ಆ ಜಾಗ ತುಂಬೋಕೆ ಕೆಳಗಿನ ಗಾಳಿ ಏರುತ್ತೆ. ಏರೋ ಗಾಳಿ ಒಣಗಿದ್ದಿದ್ರೆ ನಾಲ್ಕು ತೆಳು ಮೋಡ ಬಿಟ್ರೆ ಇನ್ನೇನೂ ಆಗಲ್ಲ. ಮಧ್ಯ ಏಷ್ಯಾ ಮೇಲೆ ಬೇಸಿಗೇಲಿ (ಅಲ್ಲಿ ಜೂನ್‌ನಿಂದ ಆಗಸ್ಟ್) ಇಂಥ ಟ್ರಫ್‌ಗಳು ಬರ್ತಾನೇ ಇರ್ತವೆ, ಯಾರಿಗೂ ಗೊತ್ತೂ ಆಗಲ್ಲ. ಹಾಗಾಗಿ ಕೇಳ್ಬೇಕಾದ ಪ್ರಶ್ನೆ, ಅವತ್ತು ಅಲ್ಲಿ ಅಷ್ಟು ತೇವ ಎಲ್ಲಿಂದ ಬಂತು?

ವಾಯುವ್ಯ ಪಾಕಿಸ್ತಾನದ ಮಾಮೂಲಿ ಬೇಸಿಗೆ ಹೀಗಿರುತ್ತೆ: ಕೆಳಗೆ ಅರಬ್ಬಿ ಸಮುದ್ರದಿಂದ ಬಂದ ತೇವದ ಗಾಳಿಯ ತೆಳ್ಳನೆ ಪದರ, ಅದರ ಮೇಲೆ ಅಫ್ಘಾನ್ ಎತ್ತರದಿಂದ ಜಾರಿ ಬಂದ ಬಿಸಿ ಒಣ ಗಾಳಿಯ ಮುಚ್ಚಳ. ಬಹಳ ದಿನ ಆ ಮುಚ್ಚಳ ತೆಗೆಯೋದೇ ಇಲ್ಲ. ತೆಗೆದಾಗ ಬೆಟ್ಟದ ತಪ್ಪಲಲ್ಲಿ ಎತ್ತರದ, ಕಿರಿದಾದ, ಭಯಂಕರ ಗುಡುಗಿನ ಮೋಡ ಏಳುತ್ತೆ, ಒಂದೆರಡು ಗಂಟೆ ಅಬ್ಬರಿಸಿ ಹೋಗುತ್ತೆ. ವಾಷಿಂಗ್ಟನ್ ಯೂನಿವರ್ಸಿಟಿಯ ರಾಬರ್ಟ್ ಹೌಜ್ ತಂಡ ಮಳೆ ಅಳೆಯೋ ಟಿಆರ್‌ಎಂಎಂ ಉಪಗ್ರಹದ ರೇಡಾರ್ ಡೇಟಾ ಇಟ್ಟುಕೊಂಡು ಈ ಮೋಡಗಳನ್ನ ವರ್ಷಗಟ್ಟಲೆ ನೋಡಿತ್ತು. ಅವರು 2010ರ ಜುಲೈ ಕೊನೆಯ ಚಿತ್ರಗಳನ್ನ ತೆಗೆದು ನೋಡಿದ್ರೆ ಅಲ್ಲಿರೋದು ಬೇರೇನೇ. ಕಿರಿದಾದ ಗೋಪುರ ಅಲ್ಲ, ಅಗಲಕ್ಕೆ ಹರಡಿದ, ಗಂಟೆಗಟ್ಟಲೆ ಒಂದೇ ಸಮನೆ ಸುರಿಯೋ ಮಳೆ ಮೋಡದ ಹಾಸು. ಅಂಥ ಮೋಡಗಳ ಜಾಗ ಬಂಗಾಳ ಕೊಲ್ಲಿ, ಒಡಿಶಾ, ಬಾಂಗ್ಲಾದೇಶದ ಕಡೆ. ಅಂದ್ರೆ ಕೊಲ್ಲಿ ಕಡೆಯ ಮಳೆ ಜಾಗ ಬದಲಾಯಿಸಿ ಪೇಶಾವರಕ್ಕೆ ಬಂದು ನಿಂತಿತ್ತು. ನನ್ನ ಪ್ರಕಾರ ಇಡೀ ಕೇಸಲ್ಲಿ ಅತ್ಯಂತ ದೊಡ್ಡ ಸುಳಿವು ಇದೇ, ಮಾಸ್ಕೋದ 38.2 ಅಲ್ಲ.

ಬಂದಿದ್ದು ಹೇಗೆ ಅಂದ್ರೆ, ಜುಲೈ ಕೊನೇ ವಾರದಲ್ಲಿ ಕೊಲ್ಲಿ ಕಡೆಯಿಂದ ಒಂದು ವಾಯುಭಾರ ಕುಸಿತ ಪಶ್ಚಿಮಕ್ಕೆ ಸಾಗಿ ಮಧ್ಯ ಭಾರತ ದಾಟ್ತು. ಅದೇ ಟೈಮಲ್ಲಿ ಟಿಬೆಟ್ ಕಡೆ ಒತ್ತಡ ವಾಡಿಕೆಗಿಂತ ಹೆಚ್ಚಿತ್ತು. ಉತ್ತರಕ್ಕೆ ಹೆಚ್ಚಿನ ಒತ್ತಡ, ದಕ್ಷಿಣಕ್ಕೆ ಕುಸಿತ, ಇವೆರಡರ ನಡುವೆ ಹಿಮಾಲಯದ ತಪ್ಪಲುಗುಂಟ ಪೂರ್ವದಿಂದ ಪಶ್ಚಿಮಕ್ಕೆ ಒಂದು ತೇವದ ದಾರಿ ತೆರೀತು. ಅದರ ಜೊತೆ ಅರಬ್ಬಿ ಸಮುದ್ರದ ತೇವ ಸಿಂಧ್ ಕಡೆಯಿಂದ ಮೇಲೆ ಬಂತು. ಎರಡೂ ಹೋಗಿ ಸೇರಿದ್ದು ಬೆಟ್ಟದ ಮೂಲೆಯಲ್ಲಿ, ಹಿಮಾಲಯ ಮತ್ತು ಹಿಂದೂಕುಶ್ ಕೂಡೋ ಕಡೆ, ಮುಂದೆ ಹೋಗೋಕೆ ದಾರೀನೇ ಇಲ್ಲ. ಮುಚ್ಚಳದ ಮಾತೇ ಇರ್ಲಿಲ್ಲ ಯಾಕಂದ್ರೆ ತೇವ ಈಗ ತೆಳ್ಳನೆ ಪದರ ಅಲ್ಲ, ಕೆಳಗಿಂದ ಮೇಲಿನವರೆಗೂ ತುಂಬಿತ್ತು. ಇದೆಲ್ಲದರ ಹಿನ್ನೆಲೇಲಿ ಪೆಸಿಫಿಕ್‌ನಲ್ಲಿ 2009-10ರ ಎಲ್ ನಿನೋ (ಸಮುದ್ರ ವಾಡಿಕೆಗಿಂತ ಬಿಸಿಯಾಗೋದು) ಮುಗಿದು ಲಾ ನಿನಾ (ತಣ್ಣಗಾಗೋದು) ಶುರುವಾಗಿತ್ತು, ನಮ್ಮ ಕಡೆ ಮುಂಗಾರಿಗೆ ಅದು ಸಾಮಾನ್ಯವಾಗಿ ಒಳ್ಳೇದೇ.

ಪೇಶಾವರದ ಉತ್ತರಕ್ಕಿರೋ ಸ್ವಾತ್ ಕಣಿವೇಲಿ ನೀರು ಏರಿದ ವೇಗಕ್ಕೆ ಸೇತುವೆಗಳು ಹೋದವು, ನಾಲೆಗಳಿಗೆ ನೀರು ತಿರುಗಿಸೋ ಮುಂಡಾ ಹೆಡ್‌ವರ್ಕ್ಸ್ ಕೊಚ್ಚಿಹೋಯ್ತು. ನಂತರ ಆ ನೀರು ಸಿಂಧೂ ನದಿಗುಂಟ ಇಳಿಯೋಕೆ ವಾರಗಟ್ಟಲೆ ತಗೊಂಡ್ತು. ಪಂಜಾಬಿನ ತೌನ್ಸಾ, ಸಿಂಧ್‌ನ ಗುಡ್ಡು, ಸುಕ್ಕೂರ್ ಬ್ಯಾರೇಜುಗಳನ್ನ ದಾಟ್ಕೊಂಡು, ಏರಿಗಳನ್ನ ಒಡ್ಕೊಂಡು, ಒಂದು ಹನಿ ಮಳೆ ಕಾಣದ ಊರುಗಳನ್ನೂ ಮುಳುಗಿಸ್ತಾ ಹೋಯ್ತು. ಹತ್ತಿರ 2,000 ಜನ ಸತ್ರು, ಎರಡು ಕೋಟಿ ಜನರ ಬದುಕು ಅಸ್ತವ್ಯಸ್ತ ಆಯ್ತು, ದೇಶದ ಸುಮಾರು ಐದನೇ ಒಂದು ಭಾಗ ನೀರಿನ ಹೊಡೆತಕ್ಕೆ ಸಿಕ್ತು.

ಒಂದು ವಾರ ಬಿಟ್ಟು ಆಗಸ್ಟ್ 5ರ ರಾತ್ರಿ ಲೇಹ್‌ನಲ್ಲಿ ಆಗಿದ್ದು ನಮ್ಮವರಿಗೆ ಜಾಸ್ತಿ ನೆನಪಿರುತ್ತೆ, ಆಗಸ್ಟ್ ಅಂದ್ರೆ ಬೆಂಗಳೂರಿಂದ ಬೈಕ್ ಹತ್ತಿ ಲಡಾಖ್ ಕಡೆ ಹೋಗೋರ ಸೀಸನ್ನು. ಮರುಭೂಮಿಯಂಥ ಜಾಗ, ಲೇಹ್ ಪಕ್ಕದ ಚೋಗ್ಲಮ್‌ಸರ್ ಅರ್ಧಕ್ಕರ್ಧ ಕೆಸರಲ್ಲಿ ಹೂತುಹೋಯ್ತು, ಇನ್ನೂರಕ್ಕೂ ಹೆಚ್ಚು ಸಾವು. ತಮಾಷೆ ನೋಡಿ, ಲೇಹ್‌ನ ಮಳೆಮಾಪಕದಲ್ಲಿ ಅವತ್ತು ಸಿಕ್ಕಿದ್ದು ಬರೀ 12.8 ಮಿಮೀ. ನಿಜವಾದ ಮಳೆ ಬಿದ್ದಿದ್ದು ಮಾಪಕ ಇಲ್ಲದ ಗುಡ್ಡಗಳ ಮೇಲೆ. "ಮೇಘಸ್ಫೋಟ" ಅಂತ ಹೇಳಿ ಎಲ್ರೂ ಕೈತೊಳ್ಕೊಂಡ್ರು, ಆದ್ರೆ ಆಮೇಲೆ ಹೌಜ್ ತಂಡದವರು ತೋರಿಸಿದ ಹಾಗೆ ಇದು ಒಂದು ಮೋಡ ದಿಢೀರ್ ಒಡೆದಿದ್ದಲ್ಲ. ಟಿಬೆಟ್ ಎತ್ತರದ ಮೇಲೆ ಹುಟ್ಟಿದ ಮೋಡದ ಗುಂಪು ಮಧ್ಯ ಮಟ್ಟದ ಪೂರ್ವದ ಗಾಳಿಗೆ ಸಿಕ್ಕಿ ಪಶ್ಚಿಮಕ್ಕೆ ತೇಲಿ ಬಂತು, ಲೇಹ್ ಹತ್ತಿರದ ಅಂಚಲ್ಲಿ ಮುಂಗಾರಿನ ತೇವ ಕುಡಿದು ಇನ್ನೂ ಊದಿಕೊಂಡ್ತು. ಲೇಹ್‌ಗೆ ಬಿರುಗಾಳಿ ಪೂರ್ವದಿಂದ ಬರುತ್ತೆ ಅಂದ್ರೆ ಅಷ್ಟೊತ್ತಿಗೆ ಆ ಭಾಗದ ಗಾಳಿಯ ವ್ಯವಸ್ಥೆ ಎಷ್ಟು ತಲೆಕೆಳಗಾಗಿತ್ತು ಅಂತ ಊಹಿಸ್ಕೊಳ್ಳಿ.

ಇಲ್ಲಿ ಒಂದು ಡೌಟು ಬರ್ಬೇಕು, ಬಂದಿಲ್ಲಾಂದ್ರೆ ನಾನೇ ಕೇಳ್ತೀನಿ. ರಾಸ್‌ಬಿ ಅಲೆಗಳು ಹೀಗೆ ಇಳಿದು ಮುಂಗಾರನ್ನ ಕೆಣಕೋದಾದ್ರೆ ಕರ್ನಾಟಕಕ್ಕೋ ಮಧ್ಯಪ್ರದೇಶಕ್ಕೋ ಯಾಕೆ ಇಳಿಯಲ್ಲ? ಕಾರಣ ಮೇಲಿನ ಗಾಳಿ. ಜುಲೈ-ಆಗಸ್ಟ್‌ನಲ್ಲಿ ಟಿಬೆಟ್ ಮೇಲೆ 12 ಕಿಮೀ ಎತ್ತರದ ಸುಮಾರಿಗೆ ಒಂದು ಭಾರಿ ಹೈ ಪ್ರೆಶರ್ ಕೂತಿರುತ್ತೆ. ಅದರ ಉತ್ತರಕ್ಕೆ, 40 ಡಿಗ್ರಿ ಆಸುಪಾಸಲ್ಲಿ, ಪಶ್ಚಿಮದ ಜೆಟ್. ಅದರ ದಕ್ಷಿಣಕ್ಕೆ, ನಮ್ಮ ತಲೆ ಮೇಲೆ, ಪೂರ್ವದಿಂದ ಪಶ್ಚಿಮಕ್ಕೆ ಬೀಸೋ ಇನ್ನೊಂದು ಜೆಟ್. ಒಂದೇ ಕಡೆ ನಿಂತಿರೋ ರಾಸ್‌ಬಿ ಅಲೆ ಪಶ್ಚಿಮದ ಗಾಳಿಯಲ್ಲಿ ಮಾತ್ರ ಬದುಕುತ್ತೆ, ಪೂರ್ವದ ಗಾಳಿ ಶುರುವಾಗೋ ಗೆರೆ ಹತ್ತಿರ ಬಂದ್ರೆ ಅಲ್ಲೇ ಒಡೆದು ಹೋಗುತ್ತೆ. ಹಾಗಾಗಿ ಬೇಸಿಗೇಲಿ ಮಧ್ಯ ಅಕ್ಷಾಂಶದ ಹವಾಮಾನ ಮುಂಗಾರನ್ನ ಮುಟ್ಟೋಕಾಗೋದು ಅದರ ಉತ್ತರ, ವಾಯುವ್ಯದ ಅಂಚಲ್ಲಿ ಮಾತ್ರ: ಪೇಶಾವರ, ಕಾಶ್ಮೀರ, ಹಿಮಾಚಲ, ಉತ್ತರಾಖಂಡ. ಪದೇ ಪದೇ ಅದೇ ಊರುಗಳ ಹೆಸರು ಕೇಳೋದು ಇದಕ್ಕೇ.

ಹಾಗಂತ ನಮಗೆ ಇದರ ಬಿಸಿ ತಟ್ಟೋದೇ ಇಲ್ಲ ಅಂತಲ್ಲ, ತಟ್ಟೋ ರೀತಿ ಬೇರೆ. ಭಾರತದ ಹವಾಮಾನ ಇಲಾಖೆಯಲ್ಲಿದ್ದ ಸಿ. ರಾಮಸ್ವಾಮಿ 1962ರಲ್ಲೇ, ಕಂಪ್ಯೂಟರ್ ಮಾಡೆಲ್ ಅನ್ನೋದು ಇನ್ನೂ ಕೂಸಾಗಿದ್ದ ಕಾಲದಲ್ಲಿ, ಮುಂಗಾರಿನ "ಬ್ರೇಕ್" (ನಡುವೆ ಕೆಲವು ದಿನ ಮಳೆ ಬಿಡುವು ಕೊಡೋದು) ಅನ್ನೋದು ಪೂರ್ವದ ಜೆಟ್ ಮತ್ತು ಪಶ್ಚಿಮದ ಜೆಟ್ ನಡುವಿನ ಕೊಡುಕೊಳ್ಳುವಿಕೆ ಅಂತ ಬರೆದಿದ್ರು. ಪಶ್ಚಿಮದ ಟ್ರಫ್ ದಕ್ಷಿಣಕ್ಕೆ ಚಾಚಿಕೊಂಡಾಗ ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ಗಂಗಾ ಬಯಲು ಬಿಟ್ಟು ಹಿಮಾಲಯದ ತಪ್ಪಲಿಗೆ ಸರಿಯುತ್ತೆ, ತಪ್ಪಲಲ್ಲಿ ಪ್ರವಾಹ, ಮಧ್ಯ ಭಾರತ ಮತ್ತು ನಮ್ಮ ಕರಾವಳಿ ಕಡೆ ಮಳೆ ಇಳಿಮುಖ, ತಮಿಳುನಾಡಿನ ಕಡೆ ಮಾತ್ರ ಸಂಜೆ ಗುಡುಗು. ಜುಲೈಯಲ್ಲಿ ನಾಟಿ ಮಾಡಿ ಆಕಾಶ ನೋಡ್ತಾ ಕೂತ ಮಲೆನಾಡಿನ ರೈತನಿಗೆ "ಮಳೆ ಕೈಕೊಡ್ತು" ಅಷ್ಟೇ ಗೊತ್ತಾಗೋದು, ಅದಕ್ಕೆ ಕಾರಣ ಕಜಕಿಸ್ತಾನದ ಮೇಲಿರೋ ಟ್ರಫ್ ಆಗಿರಬಹುದು. ರಾಮಸ್ವಾಮಿಯವರ ಹೆಸರು ನಮ್ಮ ಶಾಲೆ ಪುಸ್ತಕಗಳಲ್ಲಿ ಇರ್ಬೇಕಿತ್ತು ಅಂತ ನನಗನ್ಸುತ್ತೆ, ಇರಲಿ.

ಇನ್ನು ಉಲ್ಟಾ ದಿಕ್ಕು, ಅಂದ್ರೆ ಉಷ್ಣವಲಯದ ಮಳೆ ಮೇಲಿನ ಅಕ್ಷಾಂಶಕ್ಕೆ ಏನು ಮಾಡುತ್ತೆ ಅನ್ನೋದು. ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಮಿಮೀ ಮಳೆ ಅಂದ್ರೆ ಚದರ ಮೀಟರ್‌ಗೆ ಒಂದು ಲೀಟರ್ ನೀರು. ಅಷ್ಟು ಆವಿ ನೀರಾಗುವಾಗ ಸುಮಾರು 25 ಲಕ್ಷ ಜೂಲ್ ಶಾಖ ಗಾಳಿಗೆ ಬಿಡುಗಡೆ ಆಗುತ್ತೆ. 274 ಮಿಮೀ ದಿನವಿಡೀ ಬಿತ್ತು ಅಂದ್ರೆ ಸರಾಸರಿ ಚದರ ಮೀಟರ್‌ಗೆ ಹತ್ತಿರ 8,000 ವ್ಯಾಟ್. ನಡುಮಧ್ಯಾಹ್ನದ ಸುಡುಬಿಸಿಲಲ್ಲಿ ನೆಲಕ್ಕೆ ಸಿಗೋದು 1,000 ವ್ಯಾಟ್ ಆಸುಪಾಸು. ಮಳೆ ಅಂದ್ರೆ ತಂಪು ಅಂತ ನಾವು ಅಂದುಕೊಳ್ತೀವಿ, ಮೋಡದೊಳಗೆ ಅದೊಂದು ಕುಲುಮೆ. ಒಂದು ಊರಿನ ಲೆಕ್ಕ ಬಿಡಿ, ಕೊಲ್ಲಿಯಿಂದ ವಾಯುವ್ಯದವರೆಗೆ ಲಕ್ಷಾಂತರ ಚದರ ಕಿಮೀ ಮೇಲೆ ಇದರ ಹತ್ತನೇ ಒಂದು ಭಾಗ ಆದ್ರೂ ವಾರಗಟ್ಟಲೆ ಉರೀತಿದ್ರೆ ಮೇಲಿನ ಗಾಳಿ ಸುಮ್ಮನೆ ಇರೋಕಾಗಲ್ಲ. ಆ ಶಾಖಕ್ಕೆ ಗಾಳಿ ಏರುತ್ತೆ, 12-15 ಕಿಮೀ ಎತ್ತರದಲ್ಲಿ ಇನ್ನು ಮೇಲೆ ಹೋಗೋಕಾಗದೆ ಬದಿಗೆ ಹರಡುತ್ತೆ, ಉತ್ತರಕ್ಕೆ ಹರಡಿದ್ದು ಪಶ್ಚಿಮದ ಜೆಟ್‌ಗೆ ತಾಗಿ ಅದನ್ನ ತಳ್ಳುತ್ತೆ, ಅಲ್ಲಿ ಹೊಸ ರಿಡ್ಜ್ ಉಬ್ಬುತ್ತೆ, ಅಲ್ಲಿಂದ ಹೊಸ ಅಲೆ ಹೊರಡುತ್ತೆ.

ಇಷ್ಟೇ ಅಲ್ಲ. ರಾಡ್‌ವೆಲ್ ಮತ್ತು ಹಾಸ್ಕಿನ್ಸ್ 1996ರಲ್ಲಿ ತೋರಿಸಿದ್ದು, ಏಷ್ಯಾದ ಮುಂಗಾರಿನ ಶಾಖದಿಂದಾಗಿ ಅದರ ಪಶ್ಚಿಮಕ್ಕೆ, ಸಹಾರಾದ ಪೂರ್ವ ಭಾಗ ಮತ್ತು ಮೆಡಿಟರೇನಿಯನ್ ಕಡೆ, ಗಾಳಿ ಇಳಿಯುತ್ತೆ ಅಂತ. ಗ್ರೀಸ್, ಟರ್ಕಿ ಕಡೆ ಬೇಸಿಗೆ ಅಷ್ಟು ಒಣಗಿರೋದಕ್ಕೆ ನಮ್ಮ ಮಳೆಗಾಲದ್ದೂ ಒಂದು ಪಾಲಿದೆ! ಡಿಂಗ್ ಮತ್ತು ವಾಂಗ್ 2005ರಲ್ಲಿ ಇನ್ನೂ ಮುಂದೆ ಹೋಗಿ, ಬೇಸಿಗೇಲಿ ಉತ್ತರ ಗೋಳಾರ್ಧವನ್ನೇ ಸುತ್ತೋ ಒಂದು ಅಲೆಗಳ ಸಾಲು ಇದೆ, ಭಾರತದ ಮುಂಗಾರು ಮಳೆ ಅದರ ಜೊತೆ ಹೆಣೆದುಕೊಂಡಿದೆ ಅಂತ ತೋರಿಸಿದ್ರು.

ಇದನ್ನೇ ಹಿಡಿದು ಕೆವಿನ್ ಟ್ರೆನ್‌ಬರ್ತ್ ಮತ್ತು ಫಸುಲ್ಲೋ 2012ರಲ್ಲಿ ಹೆಡ್‌ಲೈನನ್ನೇ ತಿರುಗಿಸಿಬಿಟ್ರು. ಅವರ ಪ್ರಕಾರ 2010ರಲ್ಲಿ ಏಷ್ಯಾ ಸುತ್ತಲ ಉಷ್ಣವಲಯದ ಸಮುದ್ರಗಳು ವಾಡಿಕೆಗಿಂತ ಬಿಸಿ ಇದ್ವು, ಅದರಿಂದ ಮುಂಗಾರು ಕಡೆಯ ಮಳೆ, ಶಾಖ ಎರಡೂ ಜೋರಾದವು, ಅದರ ಪ್ರಭಾವ ರಷ್ಯಾದ ಹೈ ಪ್ರೆಶರ್ ಅಷ್ಟು ದಿನ ಕೂರೋದಕ್ಕೆ ಸಹಾಯ ಮಾಡ್ತು. ಅಂದ್ರೆ ದಕ್ಷಿಣದಿಂದ ಉತ್ತರಕ್ಕೆ. ಇನ್ನೊಂದು ಕಡೆ ಅಮೆರಿಕದ ಸಮುದ್ರ-ಹವಾಮಾನ ಸಂಸ್ಥೆ ಎನ್‌ಒಎಎಯ ರಾಂಡಲ್ ಡೋಲ್ ಮತ್ತಿತರರು 2011ರಲ್ಲಿ ಹೇಳಿದ್ದು, ಆ ಬ್ಲಾಕಿಂಗ್ ಮುಖ್ಯವಾಗಿ ವಾತಾವರಣ ತಾನೇ ತಾನಾಗಿ ಮಾಡೋ ಏರುಪೇರು, ಸಮುದ್ರದ ಬಿಸಿಗೆ ಅಷ್ಟು ದೊಡ್ಡ ಪಾತ್ರ ಕೊಡೋಕಾಗಲ್ಲ ಅಂತ.

ಯಾರು ಸರಿ? ನನ್ನ ಓದಿನಲ್ಲಿ, ರಷ್ಯಾದ ರಿಡ್ಜ್ ಜೂನ್ ಕೊನೆಗೇ ಕೂತಿತ್ತು, ಪೇಶಾವರದ ಮಳೆ ಬಂದಿದ್ದು ಅದಾಗಿ ಒಂದು ತಿಂಗಳಿಗೆ, ಹಾಗಾಗಿ ಆ ಮಳೆ ರಷ್ಯಾದ ಬಿಸಿಗೆ ಕಾರಣ ಅನ್ನೋ ಮಾತೇ ಇಲ್ಲ. ಅದೇ ರೀತಿ ರಿಡ್ಜ್ ತಿಂಗಳಿಂದ ಕೂತಿದ್ರೂ ಪಾಕಿಸ್ತಾನ ಮುಳುಗಿದ್ದು ಕೊಲ್ಲಿಯಿಂದ ತೇವ ಬಂದು ತಲುಪಿದ ಮೇಲೇ, ಅದಕ್ಕೆ ಮೊದಲು ಅಲ್ಲ. ಒಂದೊಂದು ದಿನದ ಲೆಕ್ಕಕ್ಕೆ ಉತ್ತರದ ಅಲೆ ದಕ್ಷಿಣದ ಮಳೆಯನ್ನ ಎತ್ತಿದ್ದು ಸ್ಪಷ್ಟ. ಇಡೀ ಸೀಸನ್‌ನ ಲೆಕ್ಕಕ್ಕೆ ದಕ್ಷಿಣದ ಶಾಖ ಉತ್ತರದ ಹರಿವಿನ ಹಿನ್ನೆಲೆಯನ್ನ ಸ್ವಲ್ಪ ಬಾಗಿಸಿರಬಹುದು, ಎಷ್ಟು ಅನ್ನೋದಕ್ಕೆ ವಿಜ್ಞಾನಿಗಳ ನಡುವೆ ಒಮ್ಮತ ಇಲ್ಲ. ಎರಡು ಬೇರೆ ಬೇರೆ ಕಾಲಮಾನದ ಮಾತನ್ನ ಒಂದೇ ವಾಕ್ಯದಲ್ಲಿ ತುರುಕಿದ್ದೇ ಹೆಡ್‌ಲೈನಿನ ಎಡವಟ್ಟು.

ಈ ವ್ಯತ್ಯಾಸ ಬರೀ ಪಂಡಿತರ ಜಗಳ ಅಲ್ಲ, ಮುನ್ಸೂಚನೆಗೆ ನೇರ ಸಂಬಂಧ ಇದೆ. ಒಂಟಿ ಗುಡುಗು ಮೋಡ ಎಲ್ಲಿ ಏಳುತ್ತೆ ಅಂತ ನಾಲ್ಕು ದಿನ ಮುಂಚೆ ಹೇಳೋಕೆ ಯಾರಿಗೂ ಆಗಲ್ಲ. ಆದ್ರೆ ಸಾವಿರಾರು ಕಿಮೀ ಅಗಲದ ಅಲೆ, ಅದರ ಎದುರಿಗೆ ತೇವ ಹೊತ್ತು ಬರ್ತಿರೋ ವಾಯುಭಾರ ಕುಸಿತ, ಇವನ್ನ ಮಾಡೆಲ್‌ಗಳು ಚೆನ್ನಾಗೇ ಹಿಡೀತವೆ. ಪೀಟರ್ ವೆಬ್‌ಸ್ಟರ್ ಮತ್ತು ಜೊತೆಯವರು ಯುರೋಪಿನ ಹವಾಮಾನ ಮುನ್ಸೂಚನೆ ಕೇಂದ್ರ ಇಸಿಎಂಡಬ್ಲ್ಯುಎಫ್‌ನ ಆಗಿನ ಮುನ್ಸೂಚನೆಗಳನ್ನೇ ತೆಗೆದು ನೋಡಿದಾಗ, ಭಾರಿ ಮಳೆಯ ಸಾಧ್ಯತೆ 6ರಿಂದ 8 ದಿನ ಮೊದಲೇ ಅದರಲ್ಲಿ ಕಾಣ್ತಿತ್ತು. ಮಾಹಿತಿ ಇತ್ತು, ಸ್ವಾತ್ ಕಣಿವೆಯ ಹಳ್ಳಿಗೆ ಅದನ್ನ ಮುಟ್ಟಿಸೋ ದಾರಿ ಇರ್ಲಿಲ್ಲ. ಸಿಂಧ್‌ನವರ ವಿಷಯ ಇನ್ನೂ ಬೇಜಾರು, ಅಲ್ಲಿಗೆ ನೀರು ಬರೋದು ಮಳೆ ಬಿದ್ದು ಎಷ್ಟೋ ದಿನ ಆದ್ಮೇಲೆ, ಅಷ್ಟು ಟೈಮ್ ಇದ್ರೂ ಲಕ್ಷಾಂತರ ಜನ ಏರಿ ಮೇಲೆ ಕೂರೋ ಪರಿಸ್ಥಿತಿ ಬಂತು.

ಮೂರು ವರ್ಷ ಬಿಟ್ಟು, 2013ರ ಜೂನ್ 16-17ರಂದು ಕೇದಾರನಾಥದಲ್ಲಿ ಇದೇ ಜೋಡಿ ಮತ್ತೆ ಕೂಡ್ತು: ಕೊಲ್ಲಿಯಿಂದ ವಾಯವ್ಯಕ್ಕೆ ಸಾಗಿ ಬಂದ ವಾಯುಭಾರ ಕುಸಿತ, ಪಶ್ಚಿಮದಿಂದ ಇಳಿದ ಟ್ರಫ್. ಜೂನ್ 16ಕ್ಕೇ ಮುಂಗಾರು ಇಡೀ ದೇಶ ಮುಚ್ಚಿಬಿಟ್ಟಿತ್ತು, ವಾಡಿಕೆಗಿಂತ ಸುಮಾರು ಒಂದು ತಿಂಗಳು ಮೊದಲು. ಜೂನ್‌ನಲ್ಲಿ ಪಶ್ಚಿಮದ ಜೆಟ್ ಇನ್ನೂ ಪೂರ್ತಿ ಉತ್ತರಕ್ಕೆ ಸರಿದಿರಲ್ಲ, ಮುಂಗಾರು ಬೇಗ ಬಂದ್ರೆ ಎರಡೂ ಒಂದೇ ಕಡೆ ಸಿಕ್ಕಿಬೀಳೋ ಅವಕಾಶ ಜಾಸ್ತಿ. ಅದರ ಜೊತೆಗೆ ಕೇದಾರನಾಥದ ಮೇಲ್ಗಡೆಯ ಚೋರಾಬಾರಿ ಕೆರೆ ಒಡೆದಿದ್ದು, ಯಾತ್ರೆಯ ಸೀಸನ್ ಆಗಿದ್ದು ಎಲ್ಲಾ ಸೇರಿ ಸಾವಿನ ಸಂಖ್ಯೆ ಸಾವಿರಗಳಿಗೆ ಹೋಯ್ತು.

ನೀವೂ ಮಳೆಗಾಲದಲ್ಲಿ ಮ್ಯಾಪ್ ನೋಡೋ ಚಟ ಇರೋರಾದ್ರೆ, ಬರೀ ಕೊಲ್ಲಿಯ ಲೋ ಪ್ರೆಶರ್ ನೋಡಿ ಬಿಡಬೇಡಿ. 500 ಮತ್ತು 200 ಹೆಕ್ಟೊಪಾಸ್ಕಲ್ ಒತ್ತಡದ ಮಟ್ಟದ (ಸುಮಾರು ಐದೂವರೆ ಮತ್ತು 12 ಕಿಮೀ ಎತ್ತರದ) ಮ್ಯಾಪ್ ತೆಗೆದು ಅಫ್ಘಾನಿಸ್ತಾನದ ಸುತ್ತಮುತ್ತ, ಸುಮಾರು 60ರಿಂದ 75 ಡಿಗ್ರಿ ರೇಖಾಂಶದ ನಡುವೆ, ಟ್ರಫ್ ಏನಾದ್ರೂ ದಕ್ಷಿಣಕ್ಕೆ ಜೋತು ಬಿದ್ದಿದೆಯಾ ನೋಡಿ. ಕೊಲ್ಲಿಯ ಕುಸಿತ ಮಾಮೂಲಿಯಂತೆ ಗುಜರಾತ್, ರಾಜಸ್ಥಾನದ ಕಡೆ ಹೋಗಿ ಕರಗಿದ್ರೆ ಸರಿ, ಅದೇ ಟ್ರಫ್‌ನ ಪೂರ್ವ ಮಗ್ಗುಲಿಗೆ ತಿರುಗಿ ಉತ್ತರಕ್ಕೆ ಬಾಗ್ತಿದ್ರೆ, ಆ ವಾರ ಹಿಮಾಚಲ, ಉತ್ತರಾಖಂಡದ ಕಡೆ ಟ್ರಿಪ್ ಬುಕ್ ಮಾಡಿರೋರಿಗೆ ಒಂದು ಫೋನ್ ಹಾಕಿ.